ಬೂತಾಯಿ ಬಂದ ವರ್ಷ, ಬಾರದ ವರ್ಷ

ಮಂಗಳೂರಿನಲ್ಲಿ ಬೂತಾಯಿ. ಕುಂದಾಪುರದ ಕಡೆ ಬೈಗೆ. ಗೋವಾದಲ್ಲೂ ಮುಂಬಯಿಯ ಮೀನು ಮಾರುಕಟ್ಟೆಯಲ್ಲೂ ತಾರ್ಲಿ. ಕೇರಳಕ್ಕೆ ಹೋದರೆ ಮತ್ತಿ ಅಥವಾ ಚಾಳ, ಚೆನ್ನೈಯಲ್ಲಿ ಚಾಳೈ, ಆಂಧ್ರದ ಕರಾವಳಿಯಲ್ಲಿ ನೂನೆ ಕವಳ್ಳು. ಇಷ್ಟೆಲ್ಲ ಹೆಸರಿರುವ ಮೀನು ಒಂದೇ. ಒಂದು ಗೇಣಿನಷ್ಟೂ ಉದ್ದವಿಲ್ಲದ, ಮೈತುಂಬ ಎಣ್ಣೆಯಿರುವ, ಎರಡು ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕದ ಜೀವಿ ಅದು. ಅಂಜಲ್, ಪಾಂಫ್ರೆಟ್ ಕೊಳ್ಳಲಾಗದ ಮನೆಗಳಲ್ಲಿ ದಿನದ ಊಟಕ್ಕೆ ರುಚಿ ಕೊಟ್ಟದ್ದು ಇದೇ. ಈ ಪತ್ರವನ್ನು ಓದುವವರಲ್ಲಿ ಮೀನು ಮುಟ್ಟದವರೂ ಬಹಳ ಮಂದಿ ಇದ್ದೀರಿ ಎಂದು ಗೊತ್ತು. ಆದರೂ ಓದಿ. ಔಷಧಿ ಅಂಗಡಿಯ ಒಮೇಗಾ-3 ಮಾತ್ರೆಯಲ್ಲಿ ಇರುವುದು ಇಂಥ ಮೀನಿನ ಎಣ್ಣೆಯೇ. ಕೋಳಿಯ ಆಹಾರದಲ್ಲೂ ಸಾಕಿದ ಸೀಗಡಿಯ ಆಹಾರದಲ್ಲೂ ಇಂಥ ಮೀನಿನ ಪುಡಿ ಇರುತ್ತದೆ. ತಟ್ಟೆಗೆ ಬಾರದೆಯೂ ಈ ಮೀನು ನಮ್ಮೆಲ್ಲರ ಮನೆಗೆ ಬಂದು ಹೋಗಿದೆ.

ಕೊಚ್ಚಿಯಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ದಶಕಗಳಿಂದ ನಮ್ಮ ದಕ್ಕೆಗಳಿಗೆ ಬಂದ ಮೀನಿನ ಲೆಕ್ಕ ಇಟ್ಟಿದೆ. ಅದರಲ್ಲಿ ಕೇರಳದ ಬೂತಾಯಿಯ ಅಂಕಿಗಳನ್ನು ಮೊದಲು ನೋಡೋಣ, ಏಕೆಂದರೆ ಈ ಮೀನಿನ ನಾಡಿ ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಸಿಗುತ್ತದೆ. 2012ರಲ್ಲಿ ಕೇರಳದ ದಕ್ಕೆಗಳಿಗೆ ಬಂದದ್ದು ನಾಲ್ಕು ಲಕ್ಷ ಟನ್ನಿಗೆ ಹತ್ತಿರ. 2016ಕ್ಕೆ ಅದು 46 ಸಾವಿರ ಟನ್ನಿಗೆ ಇಳಿಯಿತು. 2017ರಲ್ಲಿ ಒಮ್ಮೆ ತಲೆ ಎತ್ತಿ 1.27 ಲಕ್ಷ ಟನ್ ಆಯಿತು. ಮತ್ತೆ ಜಾರಿತು. 2021ರಲ್ಲಿ ಬಂದದ್ದು ಬರೀ 3,297 ಟನ್. ಮಲಯಾಳಿಗಳು ಒಮಾನಿನಿಂದ ತರಿಸಿದ, ಸ್ವಲ್ಪ ಗಟ್ಟಿ ಮುಳ್ಳಿನ ಮತ್ತಿಯನ್ನು ಗೊಣಗಿಕೊಂಡು ತಿಂದ ವರ್ಷಗಳು ಅವು. ಮರುವರ್ಷ, ಅಂದರೆ 2022ರಲ್ಲಿ, ಅದೇ ದಕ್ಕೆಗಳಿಗೆ ಬಂದ ಬೂತಾಯಿ 1.10 ಲಕ್ಷ ಟನ್!

ಒಂದೇ ವರ್ಷದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚು. ಯಾವ ಸರ್ಕಾರವೂ ಯಾವ ಯೋಜನೆಯೂ ಇದನ್ನು ಮಾಡಲಿಲ್ಲ. ಇದನ್ನು ಕಂಡಾಗ ಯಾರಿಗಾದರೂ ಅನ್ನಿಸುವುದು ಸಹಜ: ಎಲ್ಲ ಕಡಲಿನ ಲೀಲೆ, ಅದು ಕೊಟ್ಟಾಗ ಹಿಡಿಯಬೇಕು, ಕೊಡದಿದ್ದಾಗ ಕಾಯಬೇಕು, ಇದರಲ್ಲಿ ನಮ್ಮದೇನು? ದಕ್ಕೆಯಲ್ಲಿ ಈ ಮಾತು ಕೇಳಿದರೆ ಆಶ್ಚರ್ಯವಿಲ್ಲ. ಇಲಾಖೆಯ ಮೇಜಿನ ಹಿಂದೆ ಕೂತವರೂ ಇದನ್ನೇ ಹೇಳುವುದುಂಟು. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಈಚಿನ ಸಂಶೋಧನೆ ಕಡಲಿನ ಪಾತ್ರವನ್ನು ಎಷ್ಟೆಷ್ಟು ಖಚಿತವಾಗಿ ತೋರಿಸುತ್ತಿದೆಯೋ ಅಷ್ಟಷ್ಟು ನಮ್ಮ ಹೊಣೆ ಹೆಚ್ಚುತ್ತಿದೆ ಎಂದು ನನಗನ್ನಿಸುತ್ತದೆ. ನಾವು ಮಾತ್ರ ಆ ಸಂಶೋಧನೆಯನ್ನು ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ ಬಳಸುತ್ತಿದ್ದೇವೆ.

ಮೊದಲು ಕಡಲು ಏನು ಮಾಡುತ್ತದೆ ಎಂಬುದು. ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ ನಮ್ಮ ಪಡುವಣ ಕರಾವಳಿಯ ಮೇಲ್ನೀರು ದಡದಿಂದ ದೂರ ಸರಿಯುತ್ತದೆ, ಆ ಜಾಗಕ್ಕೆ ಅಡಿಯಿಂದ ತಣ್ಣನೆಯ ನೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ತುಂಬಿರುತ್ತದೆ. ಬೆಳಕು ಸಿಕ್ಕ ಕೂಡಲೇ ಕಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಇದೇ ಹೊತ್ತಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮರಿಗೆ ಬಾಯಿ ಬಿಡುವ ಹೊತ್ತಿಗೆ ಊಟ ಸಿದ್ಧವಿರಬೇಕು. ಡಯಾಟಮ್ ಒಂದೆರಡು ವಾರ ತಡವಾದರೂ ಮರಿ ಸಾಯುತ್ತದೆ. ನೀರು ಅತಿಯಾಗಿ ಬಿಸಿಯಾದರೆ, ಅಡಿನೀರಿನ ಜೊತೆ ಆಮ್ಲಜನಕವಿಲ್ಲದ ಪದರವೂ ದಡದ ತನಕ ಬಂದರೆ, ದೊಡ್ಡ ಮೀನೂ ಜಾಗ ಖಾಲಿ ಮಾಡುತ್ತದೆ. 1950ರ ದಶಕದಲ್ಲೇ ನಮ್ಮ ವಿಜ್ಞಾನಿಗಳು ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್ ಹೆಚ್ಚಾದ ವರ್ಷ ಬೂತಾಯಿಯೂ ಹೆಚ್ಚು ಎಂದು ಗುರುತಿಸಿದ್ದರು. ಮನೆಯ ಅಂಗಳದಲ್ಲಿ ಮಾವು ಹೂಬಿಟ್ಟದ್ದು ನೋಡಿ ಫಸಲು ಹೇಳಿದಂತೆ, ಸೂಕ್ಷ್ಮದರ್ಶಕದಲ್ಲಿ ಪಾಚಿ ನೋಡಿ ಮೀನು ಹೇಳುವ ಪ್ರಯತ್ನ ಅದು.

ಈಗ ಆ ಪ್ರಯತ್ನ ಬಹಳ ದೂರ ಬಂದಿದೆ. ಪುಣೆಯ ಓದುಗರು ಪಾಷಾಣದ ಹಾದಿಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಗೇಟು ನೋಡಿರುತ್ತೀರಿ. ಮಳೆಯ ಲೆಕ್ಕ ಹಾಕುವ ಆ ಸಂಸ್ಥೆಯ ವಿನು ವಲ್ಸಲ ಮತ್ತು ಜೊತೆಗಾರರು ಕಳೆದ ಒಂದು ಶತಮಾನದ ಬೂತಾಯಿಯ ಏರಿಳಿತವನ್ನು ಹವಾಮಾನದ ಏರಿಳಿತದ ಜೊತೆ ಕಂಪ್ಯೂಟರ್ ಮಾದರಿಯಲ್ಲಿಟ್ಟು ನೋಡಿದ್ದಾರೆ. ಅಮೆರಿಕದ ಮತ್ತು ನಮ್ಮ ವಿಜ್ಞಾನಿಗಳು ಸೇರಿ ಮಾಡಿದ ಇನ್ನೊಂದು ಅಧ್ಯಯನಕ್ಕೆ ಸಿಕ್ಕ ಫಲ ಇನ್ನೂ ಕುತೂಹಲದ್ದು. ಮುಂದಿನ ವರ್ಷದ ಬೂತಾಯಿಯನ್ನು ಊಹಿಸಬೇಕಾದರೆ ಒಂದು ಮುಂಗಾರಿನ ಮಳೆ ಅಥವಾ ಒಂದು ಋತುವಿನ ಅಡಿನೀರಿನ ಏರಿಕೆಗಿಂತ, ಹಿಂದಿನ ಎರಡೂವರೆ ವರ್ಷಗಳಲ್ಲಿ ದಡದ ಬಳಿಯ ಕಡಲ ಮೇಲ್ಮೈ ಸರಾಸರಿ ಎಷ್ಟು ಬಿಸಿಯಿತ್ತು ಎಂಬುದೇ ಹೆಚ್ಚು ಸಹಾಯ ಮಾಡಿತು. ಎರಡೂವರೆ ವರ್ಷ ಅಂದರೆ ಹೆಚ್ಚುಕಡಿಮೆ ಬೂತಾಯಿಯ ಪೂರ್ಣಾಯುಷ್ಯ! ಅದು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಮುಗಿಸುವಷ್ಟು ಕಾಲದ ನೀರಿನ ಹದ ಅದರ ಮುಂದಿನ ಪೀಳಿಗೆಯ ಭವಿಷ್ಯ ಬರೆಯುತ್ತದೆ.

ಕಡಲು ಬಿಸಿಯಾದಂತೆ ಈ ಮೀನು ಊರನ್ನೇ ಬದಲಾಯಿಸಿದೆ. ಒಂದು ಕಾಲಕ್ಕೆ ಬೂತಾಯಿ ಎಂದರೆ ಮಲಬಾರ್ ಮತ್ತು ದಕ್ಷಿಣ ಕನ್ನಡದ ಸೊತ್ತು. 1980ರ ದಶಕದ ಮಧ್ಯದಿಂದ ಅದು ತಮಿಳುನಾಡಿನ ಕಡೆಗೂ ಆಂಧ್ರದ ಕಡೆಗೂ ಹೋಗತೊಡಗಿತು, ಬಡಗಲಲ್ಲಿ ಮಹಾರಾಷ್ಟ್ರ, ಗುಜರಾತ್‌ವರೆಗೂ ಹರಡಿತು. ಚೆನ್ನೈಯ ಕಾಸಿಮೇಡಿನಲ್ಲಿ ಇವತ್ತು ಬುಟ್ಟಿಗಟ್ಟಲೆ ಚಾಳೈ ಕಂಡರೆ ಅದು ಅಲ್ಲಿನ ಹಳೆಯ ನಿವಾಸಿಯಲ್ಲ, ನಮ್ಮ ಹಾಗೆ ಊರು ಬಿಟ್ಟು ಹೋದದ್ದು ಎಂದು ತಿಳಿಯಿರಿ.

ಹಾಗಾದರೆ ಎಲ್ಲ ಕಡಲಿನದೇ ಅಲ್ಲವೇ? ಇದೇ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದವರು ದಶಕಗಟ್ಟಲೆ ಕೇಳಿಕೊಂಡರು. 1936-37ರ ಹಂಗಾಮಿನಲ್ಲಿ ಆ ಕರಾವಳಿಯಲ್ಲಿ ಏಳು ಲಕ್ಷ ಟನ್ನಿಗೂ ಹೆಚ್ಚು ಸಾರ್ಡೀನ್ ಹಿಡಿದರು. ಮಾಂಟೆರೆಯ ದಡದುದ್ದಕ್ಕೂ ಡಬ್ಬಿ ತುಂಬುವ ಕಾರ್ಖಾನೆಗಳು. ಹತ್ತು ಹದಿನೈದು ವರ್ಷಗಳಲ್ಲಿ ಮೀನು ಮಾಯ, ಕಾರ್ಖಾನೆಗಳಿಗೆ ಬೀಗ. ಹಿಡಿದದ್ದು ಹೆಚ್ಚಾಯಿತು ಎಂದು ಒಂದು ಗುಂಪು, ಕಡಲು ತಣ್ಣಗಾಯಿತು ಎಂದು ಇನ್ನೊಂದು ಗುಂಪು. ವಾದ ಮುಗಿಯುವ ಮೊದಲೇ ಮೀನು ಮುಗಿದಿತ್ತು. ಆಮೇಲೆ ಸಾಂತಾ ಬಾರ್ಬರಾದ ಬಳಿಯ ಕಡಲ ತಳದ ಕೆಸರನ್ನು ಕೊಳವೆಯಲ್ಲಿ ತೆಗೆದು, ಪದರ ಪದರವಾಗಿ ಬಿಡಿಸಿ, ಅದರಲ್ಲಿ ಉಳಿದಿದ್ದ ಮೀನಿನ ಹುರುಪೆ ಎಣಿಸಿದರು. 1992ರಲ್ಲಿ ಪ್ರಕಟವಾದ ಲೆಕ್ಕ ಹಿಂದಿನ 1,700 ವರ್ಷಗಳದ್ದು. ಯಂತ್ರದ ದೋಣಿಯೂ ಇಲ್ಲದ, ಡಬ್ಬಿಯ ಕಾರ್ಖಾನೆಯೂ ಇಲ್ಲದ ಆ ಕಾಲದಲ್ಲೂ ಸಾರ್ಡೀನ್ ಮತ್ತೆ ಮತ್ತೆ ಕುಸಿದಿತ್ತು, ಮತ್ತೆ ಮತ್ತೆ ಎದ್ದಿತ್ತು. ಕುಸಿದು ಏಳಲು ಹಿಡಿದ ಕಾಲ ಸರಾಸರಿ ಮೂವತ್ತು ವರ್ಷ.

ಈ ಕೆಸರಿನ ಸಾಕ್ಷಿಯನ್ನು ಎರಡು ರೀತಿ ಓದಬಹುದು. ಮೀನು ತಾನೇ ಹೋಗುತ್ತದೆ, ತಾನೇ ಬರುತ್ತದೆ, ನಮ್ಮ ಬಲೆಯ ಮೇಲೆ ದೋಷ ಹೊರಿಸಬೇಡಿ ಎನ್ನುವುದು ಒಂದು. ಅದು ಕುಸಿಯುವ ಕಾಲ ಹೇಗೂ ಬರುತ್ತದೆ, ಆ ಹೊತ್ತಿನಲ್ಲಿ ಉಳಿದ ನಾಲ್ಕು ಮೀನನ್ನೂ ಬಾಚಿದರೆ ಮತ್ತೆ ಏಳುವುದಕ್ಕೆ ಬೀಜ ಎಲ್ಲಿಯದು ಎನ್ನುವುದು ಇನ್ನೊಂದು. ಎರಡನೆಯದೇ ಸರಿಯಾದ ಓದು. ಬರಗಾಲ ಮನುಷ್ಯ ಮಾಡಿದ್ದಲ್ಲ ಎಂದು ಯಾವ ರೈತನೂ ಬರದ ವರ್ಷ ಬಿತ್ತನೆಯ ಬೀಜವನ್ನು ಸಂತೋಷದಿಂದ ಬೇಯಿಸಿ ತಿನ್ನುವುದಿಲ್ಲ. ಗುಂಪು ಕಟ್ಟಿಕೊಂಡು ತಿರುಗುವ ಮೀನಿಗೆ ಇನ್ನೊಂದು ಅಪಾಯವಿದೆ. ಸಂಖ್ಯೆ ಕಡಿಮೆಯಾದರೂ ಅದು ಚದುರಿ ಹೋಗುವುದಿಲ್ಲ, ಉಳಿದಷ್ಟೂ ಒಂದೆಡೆ ಸೇರುತ್ತದೆ. ಹಾಗಾಗಿ ಬಲೆಗೆ ಸಿಗುವುದು ಬಹಳ ಕಾಲ ಕಡಿಮೆಯಾಗುವುದೇ ಇಲ್ಲ, ಆಮೇಲೆ ಒಂದು ದಿನ ಸೊನ್ನೆ. ಕೇರಳದ ಕುಸಿತದ ಬಗ್ಗೆ ಸಿಎಂಎಫ್‌ಆರ್‌ಐ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಅತಿ ಮೀನುಗಾರಿಕೆ, ಹವಾಮಾನ ಎರಡೂ ಇವೆ. ಇದೋ ಅದೋ ಎಂಬ ಜಗಳವನ್ನು ಅವರು ಬಿಟ್ಟು ಮುಂದೆ ಹೋಗಿದ್ದಾರೆ.

ನಮ್ಮ ಕರಾವಳಿಯಲ್ಲಿ ಈ ಜಗಳಕ್ಕೆ ಎಂಬತ್ತು ವರ್ಷವಾಯಿತು ಎಂಬುದು ಎಷ್ಟೋ ಜನರಿಗೆ ಮರೆತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಪ್ರೋತ್ಸಾಹದಿಂದ, ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಬೂತಾಯಿಯ ಎಣ್ಣೆ ತೆಗೆಯುವ ಸಣ್ಣ ಕಾರ್ಖಾನೆಗಳು ಎದ್ದವು. ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಉಳಿದ ಚರಟವನ್ನು ಒಣಗಿಸಿ ತೋಟಗಳಿಗೆ ಗೊಬ್ಬರ ಮಾಡಿ ಮಾರುವುದು. ಜೇಮ್ಸ್ ಹಾರ್ನೆಲ್ ಎಂಬ ಅಧಿಕಾರಿ ಆ ಕಾಲಕ್ಕೇ ಈ ಮೀನಿನ ಜೀವನಚರಿತ್ರೆ ಬರೆಯಲು ಕೂತಿದ್ದ. 1940ರ ದಶಕದಲ್ಲಿ ಬೂತಾಯಿ ಕೈಕೊಟ್ಟಿತು. ಇಲಾಖೆಯ ವಿಜ್ಞಾನಿ ದೇವನೇಶನ್, ಅತಿಯಾಗಿ ಹಿಡಿದದ್ದೇ ಕಾರಣ ಎಂದರು. 1943ರಲ್ಲಿ ಮದ್ರಾಸ್ ಸರ್ಕಾರ ಮರಿಮೀನು ಹಿಡಿಯುವುದಕ್ಕೂ ಕೆಲವು ಬಗೆಯ ಬಲೆಗಳಿಗೂ ನಿರ್ಬಂಧ ಹಾಕಿತು. ದಡದುದ್ದಕ್ಕೂ ಕಾಯುವವರು ಯಾರು? ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಮೀನು ಬಂತು! 1960ರ ದಶಕದಲ್ಲಿ ಬೂತಾಯಿಯ ಸುಗ್ಗಿಯೋ ಸುಗ್ಗಿ. ಕಾನೂನು ಸೋತಿತು, ಮೀನು ಮರಳಿತು, ಆದ್ದರಿಂದ ಕಾನೂನು ಬೇಕಿರಲಿಲ್ಲ ಎಂಬ ಪಾಠ ಗಟ್ಟಿಯಾಗಿ ಕೂತುಬಿಟ್ಟಿತು. ನನ್ನ ಮಟ್ಟಿಗೆ ನಮ್ಮ ಕರಾವಳಿ ಕಲಿತ ಅತ್ಯಂತ ದುಬಾರಿ ತಪ್ಪು ಪಾಠ ಇದು.

ಯಾಕೆಂದರೆ 1940ರ ದೋಣಿ ಬೇರೆ, ಇಂದಿನ ದೋಣಿ ಬೇರೆ. ಆಗ ರಂಪಣಿ. ದಡದಿಂದ ಬೀಸಿ, ಊರಿನ ಹತ್ತಾರು ಜನ ಸೇರಿ ಎಳೆಯುವ ಬಲೆ. ಮೀನು ದಡದ ಹತ್ತಿರ ಬಂದರೆ ಮಾತ್ರ ಸಿಗುತ್ತಿತ್ತು, ಬಾರದಿದ್ದರೆ ಇಲ್ಲ. ಮೀನಿಗೆ ಬಚ್ಚಿಟ್ಟುಕೊಳ್ಳಲು ಇಡೀ ಕಡಲಿತ್ತು. 1970ರ ದಶಕದ ಮಧ್ಯದಲ್ಲಿ ಕರ್ನಾಟಕಕ್ಕೆ ಪರ್ಸೀನ್ ಬಂತು. ಮೀನಿನ ಗುಂಪಿನ ಸುತ್ತ ಬಲೆಯ ಗೋಡೆ ಕಟ್ಟಿ, ಅಡಿಯ ಹಗ್ಗ ಎಳೆದು ಚೀಲದ ಬಾಯಿ ಬಿಗಿದಂತೆ ಬಿಗಿಯುವುದು. ರಂಪಣಿಯವರಿಗೂ ಪರ್ಸೀನಿನವರಿಗೂ ದೊಡ್ಡ ಗಲಾಟೆಗಳೇ ನಡೆದವು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಈಗ ಮೀನು ದಡಕ್ಕೆ ಬರಬೇಕಾಗಿಲ್ಲ, ಮೀನಿದ್ದಲ್ಲಿಗೆ ದೋಣಿಯೇ ಹೋಗುತ್ತದೆ. ಗುಂಪು ಎಲ್ಲಿದೆ ಎಂದು ಪರದೆಯ ಮೇಲೆ ಕಾಣುತ್ತದೆ. ರಾತ್ರಿ ಎಲ್‌ಇಡಿ ದೀಪ ಹಾಕಿ ಮೀನನ್ನು ಕರೆಯುವ ಪದ್ಧತಿಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ನಿಷೇಧವನ್ನು ಮೀರಿದ ಸುದ್ದಿ ಮಲ್ಪೆಯಿಂದಲೋ ಮಂಗಳೂರಿನಿಂದಲೋ ಆಗಾಗ ಬರುತ್ತಲೇ ಇರುತ್ತದೆ.

ಈಗ ನಮ್ಮಲ್ಲಿ ಕಾನೂನು ಇಲ್ಲವೇ ಎಂದರೆ, ಇದೆ. ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಅದು ಒಳ್ಳೆಯದೇ, ಮೊಟ್ಟೆಯಿಡುವ ತಾಯಿಮೀನಿಗೆ ಸ್ವಲ್ಪ ಉಸಿರು. ಆದರೆ ಆ ತಾಯಿಯ ಮರಿಗಳು ಬೆರಳುದ್ದ ಬೆಳೆದು ಗುಂಪು ಕಟ್ಟಿ ದಡದ ಬಳಿ ತಿರುಗುವುದು ಆಗಸ್ಟ್‌ನಿಂದ ಮುಂದೆ, ಸರಿಯಾಗಿ ರಜೆ ಮುಗಿದು ಎಲ್ಲ ದೋಣಿಗಳೂ ಒಟ್ಟಿಗೆ ಹೊರಡುವ ಹೊತ್ತಿಗೆ. ತಾಯಿಯನ್ನು ಉಳಿಸಿ ಮಗುವನ್ನು ಹಿಡಿದಂತೆ. ಇದಕ್ಕೆಂದೇ ಕನಿಷ್ಠ ಅಳತೆಯ ನಿಯಮ ಬಂದಿದೆ. 2015ರಲ್ಲಿ ಕೇರಳ ಮೊದಲು ಜಾರಿಗೆ ತಂದಿತು, ಆಮೇಲೆ ಕರ್ನಾಟಕ. ಕೇರಳದ ಪಟ್ಟಿಯಲ್ಲಿ ಬೂತಾಯಿಗೆ 10 ಸೆಂ.ಮೀ. ಅದಕ್ಕಿಂತ ಚಿಕ್ಕದನ್ನು ಹಿಡಿದು ತರಬಾರದು. ಆದರೆ ಹೆಚ್ಚಿನ ಬೂತಾಯಿ ಮೊಟ್ಟೆಗೆ ಬರುವುದು 15 ಸೆಂ.ಮೀ. ಆಸುಪಾಸಿನಲ್ಲಿ. ಅಲ್ಲೊಂದು ಇಲ್ಲೊಂದು ಮೊದಲೇ ಬಲಿಯಬಹುದು. ಅಂದರೆ ಕಾನೂನು ಪಾಲಿಸಿದ ದೋಣಿಯೂ ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಧಾರಾಳವಾಗಿ ತರಬಹುದು. 10 ಎಂಬುದು ಜೀವಶಾಸ್ತ್ರಕ್ಕೂ ಹೊಟ್ಟೆಪಾಡಿಗೂ ನಡುವಿನ ರಾಜಿಯ ಸಂಖ್ಯೆ. ರಾಜಿಯ ಬಗ್ಗೆ ನನಗೆ ಬೇಸರವಿಲ್ಲ, ಎಲ್ಲ ವರ್ಷಕ್ಕೂ ಒಂದೇ ರಾಜಿ ಎಂಬುದಕ್ಕೆ ಬೇಸರ.

ಈ ಬೇಸರಕ್ಕೆ ಕಾರಣ ತೀರಾ ಈಚೆಗೆ ಕಂಡ ಒಂದು ವಿಚಿತ್ರ. 2024ರ ಮುಂಗಾರು ಬೂತಾಯಿಗೆ ಹದವಾಗಿ ಒದಗಿತು. ಅಡಿನೀರು ಚೆನ್ನಾಗಿ ಮೇಲೆ ಬಂತು, ಡಯಾಟಮ್ ಚೆನ್ನಾಗಿ ಬೆಳೆಯಿತು, ಮರಿಗಳು ಅಪಾರ ಸಂಖ್ಯೆಯಲ್ಲಿ ಬದುಕಿಕೊಂಡವು. ಆದರೆ ಪಂಕ್ತಿಯಲ್ಲಿ ಕೂತವರು ಹೆಚ್ಚಾದರೆ ಎಲ್ಲರಿಗೂ ಅರೆಹೊಟ್ಟೆ. ಕೇರಳದ ಕರಾವಳಿ ತುಂಬ ಬೂತಾಯಿ, ಆದರೆ ಬೆಳೆಯದ ಬೂತಾಯಿ, ಬಡಕಲು ಬೂತಾಯಿ. ಹಿಂದೆ ಕಿಲೋಗೆ 350-400 ರೂಪಾಯಿ ಮುಟ್ಟಿದ್ದ ಮೀನಿನ ಬೆಲೆ ದಕ್ಕೆಯಲ್ಲಿ 20-30 ರೂಪಾಯಿಗೆ ಇಳಿಯಿತು. ಯಾಕೆ ಹೀಗಾಯಿತೆಂದು ಸಿಎಂಎಫ್‌ಆರ್‌ಐ ವಿಜ್ಞಾನಿಗಳು 2025ರಲ್ಲಿ ವಿವರಿಸಿದ್ದು ಹೀಗೆ: ಹುಟ್ಟಿದ್ದು ಹೆಚ್ಚು, ಊಟಕ್ಕೆ ಪೈಪೋಟಿ, ಬೆಳವಣಿಗೆ ಕುಂಠಿತ.

ಇಲ್ಲಿ ನನ್ನಂಥ ಕಟ್ಟುನಿಟ್ಟಿನ ಪರ ವಾದಿಸುವವರು ಸ್ವಲ್ಪ ಯೋಚಿಸಬೇಕಾಗುತ್ತದೆ. ಚಿಕ್ಕ ಮೀನೆಲ್ಲ ಮರಿಮೀನಲ್ಲ. ಉಣ್ಣಲು ಸಿಗದೆ ಬೆಳೆಯದೆ ನಿಂತ ಮೀನನ್ನು ಬಿಟ್ಟರೆ ಅದು ನಾಳೆ ದೊಡ್ಡದಾಗಿ ಬರುತ್ತದೆಂಬ ಖಾತರಿಯಿಲ್ಲ. ಅಂಥ ವರ್ಷ ಸ್ವಲ್ಪ ಹೆಚ್ಚು ಹಿಡಿದರೆ ಉಳಿದದ್ದಕ್ಕೆ ಉಣ್ಣಲು ಸಿಗಬಹುದು, ತೋಟದಲ್ಲಿ ಸಸಿ ತೆಳು ಮಾಡಿದ ಹಾಗೆ. 2020, 2021ರಂಥ ವರ್ಷದಲ್ಲಾದರೆ ಅದೇ ಅಳತೆಯ ಒಂದೊಂದು ಮೀನೂ ಮುಂದಿನ ಪೀಳಿಗೆಯ ಬಂಡವಾಳ. ಹಾಗಾದರೆ 10 ಸೆಂ.ಮೀ. ಎಂಬ ಒಂದೇ ಪಟ್ಟಿ ಹಿಡಿದು ಎರಡೂ ವರ್ಷಗಳನ್ನು ಅಳೆಯುವುದು ಎಷ್ಟು ಸರಿ? ಕಡಲು ವರ್ಷಕ್ಕೊಂದು ಬಗೆ ಆಡುತ್ತದೆ ಎಂದು ಸಂಶೋಧನೆ ಹೇಳುತ್ತಿದ್ದರೆ, ನಿಯಮವೂ ವರ್ಷಕ್ಕೊಂದು ಬಗೆ ಇರಬೇಕಲ್ಲವೇ?

ಇದು ಆಗದ ಮಾತಲ್ಲ. ಪೆರುವಿನಲ್ಲಿ ಆಗುತ್ತಿದೆ. ಅಲ್ಲಿನ ಆಂಚೊವೆಟಾ ನಮ್ಮ ಬೂತಾಯಿಯ ದೂರದ ನಂಟ. ಅದೂ ಮೇಲೆದ್ದು ಬರುವ ತಣ್ಣೀರಿನ ಕೂಸು, ಅದೂ ಹೆಚ್ಚಾಗಿ ಹೋಗುವುದು ಫಿಶ್‌ಮೀಲಿಗೆ. 1970ರ ಸುಮಾರಿಗೆ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಟನ್ನಿನಷ್ಟು ಹಿಡಿಯುತ್ತಿದ್ದರು. 1972ರಲ್ಲಿ ಎಲ್ ನಿನೋ ಬಂತು, ದೋಣಿಗಳು ನಿಲ್ಲಲಿಲ್ಲ, 1973ಕ್ಕೆ ಉಳಿದದ್ದು ಇಪ್ಪತ್ತು ಲಕ್ಷ ಟನ್ನಿನ ಆಸುಪಾಸು. ಆ ಏಟಿನಿಂದ ಅವರು ಕಲಿತದ್ದು ಇದು: ಹಂಗಾಮಿಗೆ ಮೊದಲು ಸಂಶೋಧನಾ ಹಡಗು ಹೋಗಿ ಶಬ್ದದ ಅಲೆಗಳಿಂದ ಮೀನನ್ನು ಅಂದಾಜು ಮಾಡುತ್ತದೆ, ಅದರ ಮೇಲೆ ಎಷ್ಟು ಹಿಡಿಯಬಹುದೆಂದು ಗೊತ್ತುಮಾಡುತ್ತಾರೆ. 12 ಸೆಂ.ಮೀ.ಗಿಂತ ಚಿಕ್ಕದು ಹಿಡಿದದ್ದರಲ್ಲಿ ನೂರಕ್ಕೆ ಹತ್ತು ಮೀರಿದರೆ ಆ ಜಾಗದಲ್ಲಿ ಕೆಲವು ದಿನ ಮೀನುಗಾರಿಕೆ ಬಂದ್. 2023ರಲ್ಲಿ ಮತ್ತೆ ಎಲ್ ನಿನೋ ಬಂದು, ನೀರು ಬಿಸಿಯಾಗಿ, ಸಿಕ್ಕಿದ್ದರಲ್ಲೆಲ್ಲ ಮರಿಗಳೇ ಕಂಡಾಗ ಆ ದೇಶದ ಉತ್ತರ ಮತ್ತು ಮಧ್ಯ ಕರಾವಳಿಯ ಮೊದಲ ಹಂಗಾಮನ್ನೇ ಕೈಬಿಟ್ಟರು. ಜಗತ್ತಿನ ಅತಿದೊಡ್ಡ ಫಿಶ್‌ಮೀಲ್ ಉದ್ಯಮ ಇರುವ ದೇಶ ಅದು. ಅವರಿಗೆ ನಷ್ಟವಾಗಲಿಲ್ಲವೆಂದಲ್ಲ. 1972ರ ನಷ್ಟ ನೆನಪಿತ್ತು.

ಪೆರುವನ್ನು ಹಾಗೇ ತಂದು ಮಂಗಳೂರಿನಲ್ಲಿ ನೆಡಲಾಗದು ಎಂಬುದು ನಿಜ. ಅಲ್ಲಿ ಒಂದೇ ಜಾತಿ ಮೀನು, ದೊಡ್ಡ ದೋಣಿಗಳು, ಲೆಕ್ಕವಿಟ್ಟ ಪಾಲು. ನಮ್ಮ ಬಲೆಯಲ್ಲಿ ಬೂತಾಯಿಯ ಜೊತೆ ಬಂಗುಡೆ ಬರುತ್ತದೆ, ಕೊಲ್ಲತರು ಬರುತ್ತದೆ. ನಾಡದೋಣಿ, ಟ್ರಾಲ್ ಬೋಟು, ಪರ್ಸೀನ್ ಎಲ್ಲ ಒಂದೇ ನೀರಿನಲ್ಲಿ. ಒಂದು ಪರ್ಸೀನ್ ಬೋಟಿನ ಮೇಲೆ ಇಪ್ಪತ್ತೈದು ಮೂವತ್ತು ಸಂಸಾರ ನಿಂತಿರುತ್ತದೆ. ಡೀಸೆಲ್ ಸಾಲ, ಬಲೆಯ ಸಾಲ, ಐಸಿನ ಬಾಕಿ. ಖಾಲಿ ಕೈಯಲ್ಲಿ ಬರುವುದಕ್ಕಿಂತ ಮರಿಮೀನು ತಂದು ಫಿಶ್‌ಮೀಲಿಗೆ ಕೊಟ್ಟು ಡೀಸೆಲ್ ಹಣವಾದರೂ ಹುಟ್ಟಿಸೋಣ ಎಂದು ತಾಂಡೇಲ ಯೋಚಿಸಿದರೆ ಅವನನ್ನು ದುರಾಸೆಯವನೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಮರಿಮೀನನ್ನು ಕೊಳ್ಳುವ ಗೇಟು ತೆರೆದೇ ಇರುವವರೆಗೆ ಅವನ ಯೋಚನೆ ಬದಲಾಗುವುದಕ್ಕೆ ಕಾರಣವೂ ಇಲ್ಲ.

ಆದ್ದರಿಂದ ಅಳತೆಯ ಪಟ್ಟಿಯನ್ನು ಮೀನು ಮಾರುವ ಹೆಂಗಸಿನ ಬುಟ್ಟಿಯ ಮೇಲೆ ಇಡುವುದಕ್ಕಿಂತ ಫಿಶ್‌ಮೀಲ್ ಕಾರ್ಖಾನೆಯ ಗೇಟಿನಲ್ಲಿಡಿ ಎಂಬುದು ನನ್ನ ವಾದ. ಬುಟ್ಟಿಗಳು ಸಾವಿರಾರು, ಗೇಟುಗಳು ಎಣಿಸುವಷ್ಟು. ಲಾರಿ ತೂಕಕ್ಕೆ ನಿಂತಾಗ ಒಂದು ಕ್ರೇಟು ಇಳಿಸಿ, ನೂರು ಮೀನು ಎಣಿಸಿ, ಅಳೆದು, ಬರೆದಿಟ್ಟು, ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಾಕಲಿ. 1943ರಲ್ಲಿ ದಡದುದ್ದಕ್ಕೂ ಕಾಯಲಾಗದೆ ಸೋತವರಿಗೆ ಈ ಅನುಕೂಲ ಇಷ್ಟು ಸುಲಭದ್ದಾಗಿರಲಿಲ್ಲ. ಇವತ್ತು ಉಳ್ಳಾಲ, ಮಲ್ಪೆಯ ಕಡೆಯ ಕಾರ್ಖಾನೆಗಳಿಗೆ ಹೋಗುವ ಮೀನು ಕಣ್ಣಿಗೆ ಬೀಳದೆ ಹೋಗುವುದಿಲ್ಲ, ವಾಸನೆಯೇ ಹೇಳುತ್ತದೆ. ಒಂದು ಕಿಲೋ ಫಿಶ್‌ಮೀಲಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಪುಡಿಯಲ್ಲಿ ಒಂದು ಪಾಲು ಆಂಧ್ರದ ಸೀಗಡಿ ಕೆರೆಗಳಿಗೆ, ಅಲ್ಲಿಂದ ಸೀಗಡಿ ಹೊರದೇಶಕ್ಕೆ. ಬಡವನ ಮೀನನ್ನು ಅರೆದು ಸಿರಿವಂತನ ಸೀಗಡಿ ಮಾಡುವ ಈ ದಂಧೆಯನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ತಲೆ, ಕರುಳು, ಯಾರೂ ಕೊಳ್ಳದ ಮೀನು, 2024ರಂಥ ವರ್ಷದ ಬಡಕಲು ಸುಗ್ಗಿ ಇವೆಲ್ಲ ಹೋಗಲಿ. ಬರದ ವರ್ಷದ ಮರಿ ಮಾತ್ರ ಹೋಗಬಾರದು.

ಇದಕ್ಕೆ ಎದುರಾಗಿ ಒಂದು ಅಂಕಿ ಮುಂದಿಡುವವರಿದ್ದಾರೆ. ಭಾರತದ ಕಡಲ ಮೀನಿನ ಸ್ಥಿತಿಯ ಬಗ್ಗೆ ಸಿಎಂಎಫ್‌ಆರ್‌ಐ ಕೊಟ್ಟ 2022ರ ವರದಿಯಲ್ಲಿ, ಪರೀಕ್ಷಿಸಿದ 135 ಮೀನು ಸಂಗ್ರಹಗಳಲ್ಲಿ ಶೇಕಡ 91.1ರಷ್ಟು ಆರೋಗ್ಯವಾಗಿವೆ. ಸಂತೋಷದ ಸುದ್ದಿಯೇ, ವರದಿ ಮಾಡಿದವರ ಕೆಲಸದ ಬಗ್ಗೆ ಅನುಮಾನವೂ ಇಲ್ಲ. ಆದರೆ ಬೂತಾಯಿಯಂಥ ಮೀನಿಗೆ ಒಂದು ವರ್ಷದ ಆರೋಗ್ಯಪತ್ರ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ಎರಡೂವರೆ ವರ್ಷ ಬದುಕುವ ಜೀವಿಗೆ ನಾಲ್ಕು ವರ್ಷ ಹಳೆಯ ವರದಿ ಅಂದರೆ ಅಜ್ಜನ ಜಾತಕ ನೋಡಿ ಮೊಮ್ಮಗನಿಗೆ ಔಷಧಿ ಕೊಟ್ಟಂತೆ.

ವಿಜ್ಞಾನ ಸಾಲದೆಂದು ಯಾರೂ ಹೇಳುವ ಹಾಗಿಲ್ಲ. 2023ರಲ್ಲಿ ಸಿಎಂಎಫ್‌ಆರ್‌ಐಯ ಸಂಧ್ಯಾ ಸುಕುಮಾರನ್ ತಂಡ ಬೂತಾಯಿಯ ಇಡೀ ಜೀನೋಮನ್ನೇ ಓದಿತು. ಪ್ರೋಟೀನ್ ಮಾಡುವ 46,316 ವಂಶವಾಹಿಗಳು. ಭಾರತದ ಕಡಲಮೀನೊಂದರ ಜೀನೋಮ್ ಹೀಗೆ ಪೂರ್ತಿ ಬಿಡಿಸಿದ್ದು ಅದೇ ಮೊದಲು. ಬಿಸಿನೀರಿಗೆ ಈ ಮೀನು ಎಷ್ಟು ಹೊಂದಿಕೊಳ್ಳಬಲ್ಲದೆಂದು ಹುಡುಕಲು ಅದು ದಾರಿ. ಉಪಗ್ರಹ ದಿನಾಲೂ ಕಡಲಿನ ಉಷ್ಣತೆ ಅಳೆಯುತ್ತದೆ, ಪಾಚಿಯ ಹಸಿರು ಬಣ್ಣವನ್ನೂ ಅಳೆಯುತ್ತದೆ. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಎಂಬ ಕೇಂದ್ರ ಸಂಸ್ಥೆ ಈ ಮಾಹಿತಿಯನ್ನೇ ಬಳಸಿ, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೆ ಸೂಚನೆ ಕೊಡುತ್ತದೆ. ಗಮನಿಸಿ: ಮೀನು ಎಲ್ಲಿದೆ ಎಂದು ಹೇಳಲು ವ್ಯವಸ್ಥೆ ಸಿದ್ಧವಾಗಿದೆ. ಈ ವರ್ಷ ಎಷ್ಟು ಬಿಡಬೇಕು ಎಂದು ಅದೇ ಉಪಗ್ರಹದ ಲೆಕ್ಕ ಹಿಡಿದು ಹೇಳುವ, ಹೇಳಿದ್ದನ್ನು ಕೇಳಬೇಕಾಗುವ ವ್ಯವಸ್ಥೆ ಇಲ್ಲ.

ಅಂಥದ್ದು ಬಂದರೆ ಹಣವೂ ಬೇಕಾಗುತ್ತದೆ. ಮುಂಗಾರಿನ ರಜೆಯ ತಿಂಗಳುಗಳಿಗೆ ಮೀನುಗಾರ ಕುಟುಂಬಕ್ಕೆ ಉಳಿತಾಯ-ಪರಿಹಾರದ ಯೋಜನೆ ಈಗಲೇ ಇದೆ. ಬೂತಾಯಿ ಬಾರದ ವರ್ಷ ಸೆಪ್ಟೆಂಬರಿನಲ್ಲಿ ಇನ್ನು ಮೂರು ವಾರ ಪರ್ಸೀನ್ ನಿಲ್ಲಿಸಿ ಎಂದು ಹೇಳುವುದಾದರೆ ಆ ಮೂರು ವಾರಕ್ಕೂ ಅದೇ ದಾರಿಯಲ್ಲಿ ಹಣ ಹೋಗಬೇಕು, ದೋಣಿಯ ಮಾಲೀಕನಿಗೆ ಮಾತ್ರವಲ್ಲದೆ ಬಲೆ ಎಳೆಯುವವನಿಗೂ ಮೀನು ಮಾರುವವಳಿಗೂ. ಅದಿಲ್ಲದೆ ವಿಜ್ಞಾನದ ಹೆಸರಿನಲ್ಲಿ ನಿಯಮ ಹೇರಿದರೆ ಅದು 1943ರ ಆದೇಶದ ಹಾದಿಯನ್ನೇ ಹಿಡಿಯುತ್ತದೆ.

ನಗರಗಳಲ್ಲಿ ಕೂತ ನಾವೇನು ಮಾಡಬಹುದು ಎಂದು ಕೇಳಿದರೆ, ಬೂತಾಯಿ ತಿನ್ನುವುದನ್ನು ಬಿಡಿ ಎಂದು ನಾನು ಹೇಳಲಾರೆ. ಬಂದ ವರ್ಷ ಧಾರಾಳವಾಗಿ ತಿನ್ನಿ, ದಕ್ಕೆಯಲ್ಲಿ 20 ರೂಪಾಯಿಗೆ ಬಿದ್ದಿರುವ ಮೀನು ಫಿಶ್‌ಮೀಲಿಗೆ ಹೋಗುವುದಕ್ಕಿಂತ ಪುಳಿಮುಂಚಿಗೆ ಹೋಗುವುದು ಮೇಲು. ಬೆರಳಿಗಿಂತ ಸಣ್ಣದು ಕಂಡರೆ ಕೊಳ್ಳಬೇಡಿ, ಆದರೆ ಅದರಿಂದ ಕಡಲು ಉಳಿಯಿತೆಂದು ಭಾವಿಸಬೇಡಿ. ನಿಮ್ಮ ಬುಟ್ಟಿಗೆ ಬರುವುದು ಆ ಲಾರಿಗಳಿಗೆ ಹೋಲಿಸಿದರೆ ಒಂದು ಚಿಟಿಕೆ. ಆದರೆ ಕರಾವಳಿಯಿಂದ ಹೋದವರು ಮುಂಬಯಿಯಲ್ಲೂ ಪುಣೆಯಲ್ಲೂ ಸಂಘ ಕಟ್ಟಿಕೊಂಡಿದ್ದೀರಿ; ಊರಿನ ಶಾಸಕರು ವರ್ಷಕ್ಕೊಮ್ಮೆ ಸನ್ಮಾನಕ್ಕೆ ಬರುತ್ತಾರೆ. ಶಾಲು ಹೊದಿಸುವ ಹೊತ್ತಿನಲ್ಲಿ ಕೇಳಬಹುದಾದ ಪ್ರಶ್ನೆ ಒಂದಿದೆ: ಈ ವರ್ಷ ಫಿಶ್‌ಮೀಲ್ ಗೇಟಿನಲ್ಲಿ ಎಷ್ಟು ಲಾರಿ ಅಳೆದರು, ಅದರಲ್ಲಿ ಎಷ್ಟು ಮರಿ ಇತ್ತು? ಆಗಸ್ಟ್ 1ಕ್ಕೆ ದೋಣಿಗಳು ಹೊರಡುತ್ತವೆ. ಆ ಪ್ರಶ್ನೆಗೆ ಉತ್ತರ ಕೊಡುವವರನ್ನು ಜುಲೈ ಮುಗಿಯುವುದರೊಳಗೆ ಗೇಟಿನ ಬಳಿ ನಿಲ್ಲಿಸಬೇಕು.